ಕಳವಾದ ಮನೆಯ ಪಹಣಿ

2007ರ ಮಳೆಗಾಲದಲ್ಲಿ ನನ್ನ ಸೋದರಮಾವನ ಮನೆ ಕಳವಾಯಿತು. ಮನೆಯಲ್ಲಿ ಕಳವಾದದ್ದಲ್ಲ, ಮನೆಯೇ! ಅದು ಇದ್ದದ್ದು ಕಂಪ್ಯೂಟರಿನ ಒಂದು ಆನ್‌ಲೈನ್ ಆಟದೊಳಗೆ.

ಅರವತ್ತು ದಾಟಿದವರಿಗೆ ಇದೆಂಥ ಚಟ ಎಂದು ನೆಂಟರೆಲ್ಲ ಕೇಳಿದ್ದರು. ಸಮುದ್ರದಂಚಿನ ಮಾವನ ಊರು ನೌಕಾನೆಲೆಗೆಂದು ಸರ್ಕಾರದ ವಶವಾದ ಮೇಲೆ ಅವರಿಗೆ ಅಮದಳ್ಳಿಯ ಕಡೆ ಬದಲಿ ಸೈಟು ಸಿಕ್ಕಿತ್ತು. ಅಲ್ಲಿಂದ ಬಸ್ಸು ಹಿಡಿದು ಕಾರವಾರದ ಸೈಬರ್ ಕೆಫೆಗೆ ಬರುತ್ತಿದ್ದರು. ಉಳಿದವರು ಆಟದಲ್ಲಿ ರಾಕ್ಷಸರನ್ನು ಕೊಲ್ಲುವಾಗ ಇವರು ದಂಡೆಯ ಮೇಲೆ ಮನೆ ಕಟ್ಟಿದರು: ಪಡುವಣಕ್ಕೆ ಬಾಗಿಲು, ಪಕ್ಕದಲ್ಲಿ ಬಾವಿ. ರಾಕ್ಷಸರು ತೊಂದರೆ ಕೊಡಲಿಲ್ಲವಂತೆ. ನಾನು ವರದಿಗಾರ, ಎರಡೂ ಕಡೆ ಕೇಳಬೇಕಿತ್ತು, ರಾಕ್ಷಸರು ಸಿಗಲಿಲ್ಲ.

ಭದ್ರತೆ ಮಾತ್ರ ಬಿಗಿ! ಪಾಸ್‌ವರ್ಡ್ ಒತ್ತುವಾಗ ಹೆಗಲ ಟವೆಲನ್ನು ಕೀಬೋರ್ಡಿಗೆ ಹೊದಿಸಿ, ಅದರೊಳಗೆ ಕೈ ತೂರಿಸುತ್ತಿದ್ದರು. ಆದರೆ ಒತ್ತುವ ಅಂಕಿಯನ್ನು ಬಾಯಲ್ಲಿ ಹೇಳದೆ ಅವರ ಬೆರಳು ಏಳುತ್ತಿರಲಿಲ್ಲ. ಮೊದಲು ಕಳೆದುಹೋದ ಜಾಗದ ಸರ್ವೆ ನಂಬರು, ಆಮೇಲೆ ಅದರ ಹಿಸ್ಸಾ ನಂಬರು. ಕೆಫೆಯಲ್ಲಿ ಅದು ಯಾರಿಗೆ ಬಾಯಿಪಾಠವಾಗಿರಲಿಲ್ಲ?

ಕೆಫೆ ನಡೆಸುತ್ತಿದ್ದ ಅಂಕೋಲೆಯ ಹೆಂಗಸು ಒಂದು ದಿನ ಹೇಳಿಯೇಬಿಟ್ಟಳು. “ಕಾಕಾ, ಆ ಟವೆಲ್ ಬಾಯಿಗೆ ಕಟ್ಕೊಳ್ಳಿ.”

“ಬಾಯಿಗೆ ಕಟ್ಟಿದ್ರೆ ಕೀಬೋರ್ಡಿಗೆ ಎಂತ ಹೊದಿಸೂದು?”

ಕಳ್ಳ ಕೆಫೆಯೊಳಗಿನವನಲ್ಲ. ಆಟದ ಕಂಪನಿಯ ಹೆಸರಿನಲ್ಲಿ ಒಂದು ಮೇಲ್ ಬಂತು. ನಿಮ್ಮ ಮನೆಯ ಮುಂದೆ ದೋಣಿ ಕಟ್ಟುವ ಜೆಟ್ಟಿ ಉಚಿತ, ಪಾಸ್‌ವರ್ಡ್ ತುಂಬಿ. ಸಮುದ್ರದೆದುರು ಮನೆ ಕಟ್ಟಿದವರು ಜೆಟ್ಟಿ ಬೇಡ ಎನ್ನುತ್ತಾರೆಯೇ? ಮಾವ ತುಂಬಿದರು. ಮೇಲ್ ನಕಲಿಯಾಗಿತ್ತು. ಮರುದಿನ ಖಾತೆ ತೆರೆಯಲಿಲ್ಲ. ಕಳ್ಳ ಆ ಮನೆಯನ್ನು ಇನ್ನೊಬ್ಬ ಆಟಗಾರನಿಗೆ ಮಾರಿ ಹೋಗಿದ್ದ.

ಮಾವನ ಪರವಾಗಿ ನಾನು ಕಂಪನಿಗೆ ದೂರು ಬರೆದೆ. ಖಾತೆ ನಿಮ್ಮದೆನ್ನಲು ಪುರಾವೆ ಕೊಡಿ ಎಂದು ಉತ್ತರ ಬಂತು. ಮಾವನಿಗೆ ಈ ಪ್ರಶ್ನೆ ಹೊಸದಲ್ಲ. ಮರುದಿನ ಪ್ಲಾಸ್ಟಿಕ್ ಚೀಲದಿಂದ ಕಳೆದುಹೋದ ಜಾಗದ ಹಳೆಯ ಪಹಣಿ ತೆಗೆದು ಸ್ಕ್ಯಾನರ್ ಮೇಲಿಟ್ಟರು.

“ಮಾವ, ಇದು ಆ ಮನೇದಲ್ಲ.”

“ಮತ್ತೆ ಯಾವ ಮನೇದು?”

ಪಹಣಿ ಕಂಪನಿಗೆ ಹೋಯಿತು. ಕೆಫೆಯವಳು ಖಾತೆ ತೆರೆದಾಗಿನ ವಿವರಗಳನ್ನೂ ಜೊತೆಗೆ ಕಳಿಸಿದಳು. ಪಹಣಿಯ ಬಗ್ಗೆ ಕಂಪನಿ ಏನೂ ಹೇಳಲಿಲ್ಲ. ಖಾತೆ ಮರಳಿತು, ಮನೆ ಮರಳಲಿಲ್ಲ. ಕೊಂಡವನದು ತಪ್ಪಿಲ್ಲ, ನಿಮಗೆ ಬೇರೆ ಕಡೆ ಅಷ್ಟೇ ಅಳತೆಯ ಜಾಗ ಕೊಡುತ್ತೇವೆ ಎಂದು ಬರೆದಿದ್ದರು. ಓದಿ ಹೇಳಿದೆ. ಮಾವ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು.

“ಸಮುದ್ರ ಕಾಣ್ತದಾ ಕೇಳು.”

ಕೇಳಿದೆ. ಕಾಣುವುದಿಲ್ಲ ಎಂದು ಉತ್ತರ ಬಂತು.

ದೀಪಾವಳಿ ಕಳೆದ ಮೇಲೆ ಮಾವ ಆ ಜಾಗ ವಹಿಸಿಕೊಳ್ಳಲು ಕೆಫೆಗೆ ಬಂದರು. ಹೊಸ ಪಾಸ್‌ವರ್ಡ್ ಇಡಬೇಕಿತ್ತು. ಹಳೆಯದನ್ನು ಆಟ ಒಪ್ಪಲಿಲ್ಲ. ಟವೆಲ್ ಹೊದಿಸಿ ಒಳಗೆ ಕೈ ತೂರಿಸಿದರು. ಈ ಸಲ ಮೊದಲು ಹಿಸ್ಸಾ ಕೇಳಿಸಿತು, ಆಮೇಲೆ ಅದೇ ಸರ್ವೆ ನಂಬರಿನ ಮೊದಲ ಅಂಕಿ. ಅಂಕೋಲೆಯವಳು ಎದ್ದುಹೋಗಿ ಮೂಲೆಯ ರೇಡಿಯೋದ ಸದ್ದು ಏರಿಸಿದಳು.