ತೊಂಬತ್ತೊಂಬತ್ತನೇ ದಿನದ ಮೂರು ಬಾಟಲಿ

ತೊಂಬತ್ತೆಂಟು ದಿನ ತುಟಿಗೆ ಒಂದು ಹನಿ ತಾಗಿಸದೆ ಗಟ್ಟಿಯಾಗಿ ನಿಂತಿದ್ದ ಗಿಲ್‌ಸುವನ್ನು ತೊಂಬತ್ತೊಂಬತ್ತನೇ ದಿನ ಕೆಡವಿದ್ದು ಕೆಳಗಿನ ಮನೆಯ ಬಾಣಲೆ.

ಕೊರಿಯಾದ ಗುನ್ಸಾನ್ ಊರಿನ ಮೇಲೆ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕೆಳಗೆ ಯಾರೋ ಈರುಳ್ಳಿಸೊಪ್ಪಿನ ದೋಸೆ ಹುಯ್ಯುತ್ತಿದ್ದರು. ಮಳೆಯ ದಿನ ಆ ದೋಸೆ, ಪಕ್ಕದಲ್ಲಿ ಬಟ್ಟಲು ತುಂಬ ತಣ್ಣನೆಯ ಅಕ್ಕಿಮದ್ಯ ಮಕ್ಕೊಲ್ಲಿ. ಅದನ್ನು ನೆನೆಯದೆ ಇರಲು ಸನ್ಯಾಸಿಯೇ ಆಗಬೇಕು. ಗಿಲ್‌ಸು ಬರೀ ನಿವೃತ್ತ ಬಸ್ ಡ್ರೈವರ್.

ನೂರು ದಿನದ ಷರತ್ತು ಹೆಂಡತಿ ಮಾಲ್ಸುನ್‌ಳದು. ಲಿವರ್ ಊದಿದೆ ಎಂದು ಡಾಕ್ಟರು ಹೇಳಿದ ದಿನವೇ ವಿಧಿಸಿದ್ದಳು. ನೂರು ದಿನ ಮುಟ್ಟದಿದ್ದರೆ ಗೆಳೆಯರ ಜೊತೆ ದ್ವೀಪಕ್ಕೆ ಮೀನು ಹಿಡಿಯಲು ಹೋಗಬಹುದು, ಮುಟ್ಟಿದರೆ ಗಾಳವನ್ನೇ ಮುರಿದು ಒಲೆಗೆ. ಶನಿವಾರಕ್ಕೆ ದೋಣಿ ಗೊತ್ತು ಮಾಡಿಯಾಗಿತ್ತು. ಷರತ್ತು ಒಪ್ಪಿದ ದಿನ ಮಧ್ಯಾಹ್ನವೇ ಒಂದು ಬಾಟಲಿ ಮುಗಿಸಿದ್ದನಾದ್ದರಿಂದ ಗಿಲ್‌ಸು ಪ್ರಾಮಾಣಿಕವಾಗಿ ಆ ದಿನ ಬಿಟ್ಟು, ಮರುದಿನದಿಂದ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಬಂದಿದ್ದ.

ಮಾಲ್ಸುನ್ ಅಕ್ಕನ ಮನೆಗೆ ಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಲು ಹೋಗಿದ್ದಳು. ಬರುವುದು ನಾಳೆ. ಕೆಳಗಿನ ಅಂಗಡಿಯವಳು ಅವಳ ಗೆಳತಿ, ಅಲ್ಲಿಗೆ ಹೋಗುವಂತಿಲ್ಲ. ಗಿಲ್‌ಸು ಫೋನ್ ತೆಗೆದು ಮೂರು ಬಾಟಲಿ, ಒಂದು ದೋಸೆ ಒತ್ತಿದ. ಆಗುವುದಿಲ್ಲ ಎಂದಿತು ಫೋನು. ಮನೆಗೆ ತರಿಸುವ ಮದ್ಯದ ಬೆಲೆ ತಿಂಡಿಯ ಬೆಲೆಯನ್ನು ಮೀರಬಾರದಂತೆ, ಸರ್ಕಾರದ ನಿಯಮ. ಎರಡು ದೋಸೆ ಒತ್ತಿದ. ಸಾಲದು. ಕಡುಬು ಸೇರಿಸಿದ, ಹಂದಿಮಾಂಸ ಸೇರಿಸಿದ. ಕೊನೆಗೆ ಒಬ್ಬ ಗಂಡಸಿನ ಬಾಯಾರಿಕೆಗೆ ಮದುವೆ ಮನೆಯಷ್ಟು ಊಟ ಹೊರಟಿತು.

ತಂದವಳು ಹೋಟೆಲಿನ ಯಜಮಾನಿಯೇ, ಮಳೆಕೋಟಿನ ಗಟ್ಟಿ ಹೆಂಗಸು. ತಿಂಡಿಯ ಚೀಲ ಕೊಟ್ಟಳು. ಬಾಟಲಿಯ ಚೀಲ ಕೊಡಲಿಲ್ಲ.

"ಗುರುತಿನ ಚೀಟಿ ತೋರಿಸಿ ಯಜಮಾನ್ರೇ."

ಗಿಲ್‌ಸು ಜೇಬಿಗೆ ಕೈ ಹಾಕಿದ. ಗುರುತಿನ ಚೀಟಿ, ಲೈಸೆನ್ಸು ಎರಡೂ ಮಾಲ್ಸುನ್‌ಳ ಪರ್ಸಿನಲ್ಲಿ ನೂರು ದಿನಕ್ಕೆ ಒತ್ತೆ ಬಿದ್ದಿದ್ದವು!

"ನನ್ನ ಮುಖ ನೋಡಮ್ಮ. ಅರವತ್ಮೂರು!"

"ಮುಖ ನೋಡಿ ಕೊಟ್ಟೇ ಹೋದ ವರ್ಷ ಎರಡು ತಿಂಗಳು ನನ್ನ ಹೋಟ್ಲು ಬಾಗಿಲು ಹಾಕಿಸಿದ್ರು. ಮೀಸೆ ಬಿಟ್ಟಿದ್ದ, ನೋಡಿದ್ರೆ ಹೈಸ್ಕೂಲು ಹುಡುಗ."

ಗಿಲ್‌ಸು ಟೋಪಿ ತೆಗೆದು ಬೋಳುತಲೆ ತೋರಿಸಿದ. ಅವಳು ಕದಲಲಿಲ್ಲ. ಕೊನೆಗೆ ಮಾನ ಬಿಟ್ಟು ಮೇಲಿನ ಹಲ್ಲಿನ ಸೆಟ್ಟನ್ನೇ ಕಿತ್ತು ಅಂಗೈಯಲ್ಲಿಟ್ಟು ಚಾಚಿದ.

"ಹಲ್ಲಿನ ಮೇಲೆ ಹುಟ್ಟಿದ ತಾರೀಕು ಬರ್ದಿರಲ್ಲ ಯಜಮಾನ್ರೇ, ಬಾಯಲ್ಲಿಟ್ಕೊಳ್ಳಿ."

ಈ ಗಲಾಟೆಗೆ ಎದುರು ಮನೆ ಬಾಗಿಲು ತೆರೆಯಿತು. ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ ಕುಮ್ಜಾ. ಗಿಲ್‌ಸು ದಂಪತಿಯನ್ನು ಊರ ರೂಢಿಯಂತೆ ಮಗಳ ಹೆಸರು ಹಿಡಿದೇ ಕರೆಯುವವಳು.

"ಏನ್ರೀ ಇದು, ಬೋರಾ ಅಪ್ಪನಿಗೆ ವಯಸ್ಸಾಗಿಲ್ಲ ಅಂದೋರ್ಯಾರು? ಇವರ ಅರವತ್ತರ ಔತಣದಲ್ಲಿ ನಾನೇ ಉಂಡಿದೀನಿ!" ಎಂದವಳ ಕಣ್ಣು ಬಾಟಲಿಗಳ ಮೇಲೆ ಬಿತ್ತು. ದನಿ ಇಳಿಯಿತು. "ಬೋರಾ ಅಪ್ಪ... ನಿಮ್ಮ ನೂರು ದಿನ ಮುಗೀತಾ?"

"ನನಗಲ್ಲಮ್ಮ!" ಎಂದ ಗಿಲ್‌ಸು. ಸುಳ್ಳು ಬಾಯಿಂದ ತಾನಾಗಿ ಉದುರಿತು. "ನಿಮಗೆಲ್ಲ ತರಿಸಿದ್ದು. ಮಳೆ ಅಲ್ವಾ, ಪಾಪ ಅಂತ."

"ಮತ್ತೆ ನೀವು?"

"ನಾನಾ? ನಾನು... ಇನ್ನೂ ನೂರು ದಿನ ಮುಟ್ಟೋದೇ ಇಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದೀನಿ!"

ಕುಮ್ಜಾ ಕಣ್ಣರಳಿಸಿದಳು. ತನ್ನ ಚೀಟಿ ತೋರಿಸಿ ಬಾಟಲಿ ಇಸಿದುಕೊಂಡಳು. ಐದು ನಿಮಿಷದಲ್ಲಿ ಕಾವಲುಗಾರ ಮುದುಕ, ಮೇಲಿನ ಮನೆಯ ಗಂಡ ಹೆಂಡತಿ, ಬಾಣಲೆಯ ಒಡತಿ, ಎಲ್ಲರೂ ಗಿಲ್‌ಸುವಿನ ನಡುಮನೆಯಲ್ಲಿ ಪಟ್ಟಾಗಿ ಕುಳಿತಿದ್ದರು. ಗಿಲ್‌ಸು ಬಾರ್ಲಿ ನೀರು ಹೀರುತ್ತ, ಪ್ರತಿ ಬಟ್ಟಲೂ ಏರಿ ಇಳಿಯುವುದನ್ನು ನೋಡಿದ.

"ಎಂಥಾ ಮನಸ್ಸಪ್ಪ, ಎದುರಿಗಿದ್ರೂ ನೋಡೋದಿಲ್ಲ!" ಎಂದ ಕಾವಲುಗಾರ, ಬಾಟಲಿಯ ತಳ ಬಗ್ಗಿಸುತ್ತ.

ಹೋಗಲಿ, ನಾಳೆ ಒಂದು ದಿನ ಎಂದು ಗಿಲ್‌ಸು ಸಮಾಧಾನ ಮಾಡಿಕೊಂಡ. "ಬೋರಾ ಅಮ್ಮನಿಗೆ ಮಾತ್ರ ಹೇಳ್ಬೇಡಿ," ಎಂದು ಕುಮ್ಜಾಳಿಗೆ ಕೈ ಮುಗಿದ. ಅವಳು ತಲೆಯಾಡಿಸಿದಳು.

ಆಗ ಬಾಗಿಲಿನ ನಂಬರ್ ಬೀಗ ಪೀಂ ಪೀಂ ಎಂದಿತು. ಒಂದು ಕೈಯಲ್ಲಿ ಕಿಮ್ಚಿ ಡಬ್ಬ, ಇನ್ನೊಂದರಲ್ಲಿ ಮಣ್ಣಿನ ಹೂಜಿ ಹಿಡಿದು ಮಾಲ್ಸುನ್ ಒಳಗೆ ಬಂದಳು. ನೆಲದ ಬಾಟಲಿ ನೋಡಿದಳು, ಗಂಡನನ್ನು ನೋಡಿದಳು. ಹತ್ತಿರ ಬಂದು ಬಾಯಿ ಮೂಸಿದಳು. ಬರೀ ಬಾರ್ಲಿ.

"ನೀನು ಬರೋದು ನಾಳೆ ಅಲ್ವಾ?"

"ಇವತ್ತು ನೂರಾಯ್ತಲ್ರೀ!"

"ತೊಂಬತ್ತೊಂಬತ್ತು."

"ಮಗುವಿನ ನೂರನೇ ದಿನದ ಹಬ್ಬಕ್ಕೆ ಹೇಗೆ ಎಣಿಸ್ತೀವಿ? ಹುಟ್ಟಿದ ದಿನವೂ ಸೇರ್ಸಿ ತಾನೇ? ಒಪ್ಪಿದ ದಿನವೇ ಒಂದನೇದು. ಅದಕ್ಕೇ ಅಕ್ಕನ ಕೈಲಿ ಮಕ್ಕೊಲ್ಲಿ ಮಾಡಿಸ್ಕೊಂಡು ಓಡಿ ಬಂದೆ. ಬಟ್ಟಲು ಹಿಡೀರಿ."

ಗಿಲ್‌ಸು ಬಾರ್ಲಿ ನೀರನ್ನು ಪಕ್ಕಕ್ಕೆ ತಳ್ಳಿದ. ಎರಡೂ ಕೈಯಲ್ಲಿ ಬಟ್ಟಲು ಹಿಡಿದ. ಹೂಜಿ ಬಗ್ಗಿತು.

"ಅಯ್ಯೋ ಬೇಡ ಬೋರಾ ಅಮ್ಮ!" ಕುಮ್ಜಾ ಹಾರಿ ಬಂದು ಹೂಜಿಯ ಬಾಯಿಗೆ ಕೈ ಅಡ್ಡ ಹಿಡಿದಳು. "ಹೇಳ್ಬಾರ್ದು ಅಂದಿದ್ರು, ಆದ್ರೆ ಇನ್ನು ತಡ್ಕೊಳ್ಳೋಕಾಗಲ್ಲ. ಇವ್ರು ಇನ್ನೂ ನೂರು ದಿನ ಮುಟ್ಟಲ್ಲ ಅಂತ ನಮ್ಮ ಮುಂದೆ ಮಾತು ಕೊಟ್ಟಿದಾರೆ!"

"ಸಾಕ್ಷಿ ನಾವೆಲ್ಲ!" ಎಂದ ಕಾವಲುಗಾರ.

ಮಾಲ್ಸುನ್‌ಳ ಕಣ್ಣು ತುಂಬಿ ಬಂತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ನಾಲ್ಕು ಜನರ ಎದುರು ಗಂಡನ ಕೆನ್ನೆ ಸವರಿದಳು. ಹೂಜಿಯನ್ನು ಕುಮ್ಜಾಳ ಕೈಗಿತ್ತಳು.

"ನೀವೇ ಕುಡೀರಿ. ರೀ, ಶನಿವಾರದ ದೋಣಿಗೆ ಬರಲ್ಲ ಅಂತ ನಾನೇ ಫೋನ್ ಮಾಡ್ತೀನಿ. ಆ ಕುಡುಕರ ಜೊತೆ ಹೋದ್ರೆ ನಿಮ್ಮ ವ್ರತ ಕೆಡುತ್ತೆ."

ಗಿಲ್‌ಸು ಖಾಲಿ ಬಟ್ಟಲು ಹಿಡಿದೇ ಕುಳಿತಿದ್ದ. ಸಣ್ಣ ದನಿಯಲ್ಲಿ ಕೇಳಿದ.

"ಹೊಸ ನೂರರಲ್ಲಿ ಇವತ್ತಿನ ದಿನ ಲೆಕ್ಕಕ್ಕೆ ಬರುತ್ತೆ ಅಲ್ವೇನೇ?"

ಮಾಲ್ಸುನ್ ಕ್ಯಾಲೆಂಡರಿನ ಗೀಟುಗಳನ್ನು ಅಭಿಮಾನದಿಂದ ನೋಡಿದಳು.

"ಬೇಡ ರೀ. ನಿಮ್ಮ ಲೆಕ್ಕವೇ ಪ್ರಾಮಾಣಿಕ. ನಾಳೆಯಿಂದಲೇ ಎಣಿಸೋಣ."