ಭೂಮಿಗೆ ಇನ್ನೊಂದು ಹೊದಿಕೆ

ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ಬಾಯಿ ತೆರೆದಾಗಲೆಲ್ಲ ನನಗೆ ಕಣ್ಣಿಗೆ ಕಾಣುವಂಥ ಫಜೀತಿಯೇ ಆಗಿದೆ. ದೇವರ ಬಗ್ಗೆ ಮಾತಾಡುವವರು ಹೋಳಿಗೆ ಉಂಡು ಆರಾಮಾಗಿ ಮಲಗುತ್ತಾರೆ. ನಾನು ಬರೀ ಗಾಳಿಯ ಬಗ್ಗೆ ಮಾತಾಡಿದೆ, ಊರೇ ಮೈಮೇಲೆ ಬಂತು.

ಆಗ ನಿಜಾಮರ ರಾಜ್ಯ, ಎರಡನೇ ಮಹಾಯುದ್ಧದ ಕಾಲ. ಕೊಪ್ಪಳದ ಒಂದು ಸಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ನೌಕರಿ ಹಂಗಾಮಿ. ಯಲಬುರ್ಗಿಯಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿಯ ತಂದೆ ಬಹಳ ಒಳ್ಳೆಯವರು, ಆದರೆ ಅವರದು ಒಂದೇ ಮಾತು: "ನೌಕರಿ ಕಾಯಂ ಆಗ್ಲಿ, ಆಮ್ಯಾಲೆ ಸಕ್ಕರಿ ಹಂಚೋಣು." ನಮ್ಮ ಕಡೆ ಸಕ್ಕರೆ ಹಂಚಿದರೆಂದರೆ ಮದುವೆ ಗೊತ್ತಾದ ಹಾಗೆ, ಆಮೇಲೆ ಯಾರೂ ಹಿಂದೆಗೆಯುವಂತಿಲ್ಲ. ಆ ಹುಡುಗಿಯನ್ನು ನಾನು ಒಂದೇ ಸಲ ನೋಡಿದ್ದು, ಅದೂ ಬಾಗಿಲ ಮರೆಯಲ್ಲಿ ಅರ್ಧ ಮಾತ್ರ. ಆ ಅರ್ಧವೇ ನನ್ನ ನಿದ್ದೆ ಕೆಡಿಸಿತ್ತು. ಉಳಿದ ಅರ್ಧ ನೋಡಬೇಕೆಂದರೆ ಕಾಯಂ ಆಗಲೇಬೇಕು.

೧. ಚಹಾದಂಗಡಿಯ ಒಲೆ

ಹೈದರಾಬಾದಿನಲ್ಲಿದ್ದ ಗೆಳೆಯನೊಬ್ಬ ಯುದ್ಧಕ್ಕೆ ಮುಂಚಿನದೊಂದು ಹಳೇ ಮಾಸಪತ್ರಿಕೆ ಕಳಿಸಿದ್ದ. ಅದರಲ್ಲಿ ವಿಲಾಯತಿಯ ಎಂಜಿನಿಯರೊಬ್ಬನ ವಾದ ಅಚ್ಚಾಗಿತ್ತು. ಕಲ್ಲಿದ್ದಲು ಸುಟ್ಟರೆ ಇಂಗಾಲಾಮ್ಲ ಅನ್ನುವ ವಾಯು ಹುಟ್ಟುತ್ತದೆ. ಅದು ಬಿಸಿಲನ್ನು ಒಳಗೆ ಬಿಡುತ್ತದೆ, ಆದರೆ ಕಾದ ಭೂಮಿಯಿಂದ ವಾಪಸು ಹೊರಟ ಶಾಖವನ್ನು ತಡೆದು ಹಿಡಿಯುತ್ತದೆ. ಆ ವಾಯು ಹೆಚ್ಚಾದಷ್ಟೂ ಭೂಮಿಯ ಸೆಖೆ ಹೆಚ್ಚು. ದೊಡ್ಡ ದೊಡ್ಡ ಪಂಡಿತರು ಇದನ್ನು ಒಪ್ಪಿಲ್ಲವೆಂದೂ ಅದರಲ್ಲಿತ್ತು. ಪಂಡಿತರು ಒಪ್ಪದ್ದು ಎಂದರೆ ನನಗೆ ಮೊದಲಿಂದಲೂ ಪ್ರೀತಿ.

ಓದಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸಾಯಂಕಾಲ ಚಹಾದಂಗಡಿಯಲ್ಲಿ ಕೂತು ಎಲ್ಲರಿಗೂ ಬಿಡಿಸಿ ಹೇಳಿದೆ. ವೈಶಾಖದ ಸೆಖೆ, ಎಲ್ಲರೂ ಟವೆಲು ಬೀಸಿಕೊಳ್ಳುತ್ತ ಬಹಳ ಶ್ರದ್ಧೆಯಿಂದ ಕೇಳಿದರು. ನಾನು ಮುಗಿಸಿದೆ. ಒಬ್ಬೊಬ್ಬರೇ ನಿಧಾನವಾಗಿ ತಿರುಗಿ ಅಂಗಡಿಯವನ ಇದ್ದಲಿ ಒಲೆಯನ್ನು ನೋಡತೊಡಗಿದರು. ಮರುದಿನದಿಂದ ಬೆವರು ಒರೆಸಿಕೊಂಡವರೆಲ್ಲ ಅವನನ್ನೇ ಬೈದರು. ಒಬ್ಬರಂತೂ ಮನೆಯಲ್ಲಿ ಮೊಸರು ಹುಳಿಯಾದದ್ದಕ್ಕೂ ಬಂದು ಜಗಳ ತೆಗೆದರು.

ಅಂಗಡಿಯವನು ನನ್ನ ಮುಂದೆ ಬಂದು ನಿಂತ. "ಮಾಸ್ತರ್ರ, ಹೋದ ವಾರದ ತನಕ ಸೆಖಿ ದೇವ್ರು ಕೊಡ್ತಿದ್ದ. ಈಗ ನಾ ಕೊಡಾಕತ್ತೀನಂತ. ಆಗ್ಲಿರಿ, ಇವತ್ತಿಂದ ನಿಮ್ಮ ಚಹಾ ನಾ ಕಾಸಂಗಿಲ್ಲ. ಭೂಮಿ ತಣ್ಣಗಿರ್ಲಿ."

ಮಳೆಗಾಲ ಬರುವವರೆಗೂ ತಣ್ಣೀರಲ್ಲಿ ಕದಡಿದ ಚಹಾಪುಡಿ ಕುಡಿದೆ.

೨. ಹೆಡ್‌ಮಾಸ್ತರರ ಕೋಟು

ಸುದ್ದಿ ಹೆಡ್‌ಮಾಸ್ತರರ ಕಿವಿಗೂ ಬಿತ್ತು. ಅವರು ಪಂಡಿತರ ಪಕ್ಷ. ನನ್ನನ್ನು ಕರೆಸಿ, ಇದ್ದ ವಾಯುವೇ ತಡೆಯಬೇಕಾದಷ್ಟು ಶಾಖವನ್ನು ತಡೆದಾಗಿದೆ, ಇನ್ನಷ್ಟು ಸೇರಿಸಿದರೆ ಏನೂ ಆಗುವುದಿಲ್ಲ ಎಂದರು. ಒಮ್ಮೆ ಕಪ್ಪು ಬಣ್ಣಕ್ಕೆ ಅದ್ದಿದ ಬಟ್ಟೆಯನ್ನು ಮತ್ತೆ ಅದ್ದಿದರೆ ಇನ್ನೂ ಕಪ್ಪಾಗುತ್ತದೇನು ಎಂದು ಕೇಳಿದರು.

ಗಾಳಿ ಒಂದೇ ಬಟ್ಟೆಯಲ್ಲ, ಪದರದ ಮೇಲೆ ಪದರ ಇರುತ್ತದೆ, ಶಾಖ ಕೊನೆಗೆ ಆಕಾಶಕ್ಕೆ ಹೋಗುವುದು ಎಲ್ಲಕ್ಕೂ ಮೇಲಿನ ಪದರದಿಂದ, ಮೇಲೆ ಇನ್ನೊಂದು ಬಂದರೆ ಕೆಳಗಿನದೆಲ್ಲ ಇನ್ನಷ್ಟು ಕಾಯಲೇಬೇಕು ಎಂದು ನಾನು ವಾದಿಸಿದೆ. ಹಂಗಾಮಿ ಮಾಸ್ತರ ಅಷ್ಟು ಉದ್ದ ವಾದಿಸಬಾರದು. ಅವರಿಗೆ ಸಿಟ್ಟು ಬಂತು.

"ಇನ್ಸ್‌ಪೆಕ್ಟರ್ ಸಾಹೇಬ್ರು ಸಾಲಿ ತಪಾಸಣಿಗೆ ಬರಾಕತ್ಯಾರ. ಅವರ ಮುಂದ ಪ್ರಯೋಗ ಮಾಡಿ ತೋರ್ಸು. ತೋರ್ಸಿದ್ರ ಕಾಯಂ ಮಾಡ್ರಿ ಅಂತ ನಾನ ಹೇಳ್ತೀನಿ. ಆಗಲಿಲ್ಲಂದ್ರ ಹಂಗಾಮಿನೂ ಇರಂಗಿಲ್ಲ."

ನನಗೆ ಯಲಬುರ್ಗಿಯ ಬಾಗಿಲು ಪೂರಾ ಮುಚ್ಚಿಹೋದ ಹಾಗೆ ಕಂಡಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಮಾತು ಸಿದ್ಧ ಮಾಡಲು ತಪಾಸಣೆಗೆಂದೇ ಇಟ್ಟಿದ್ದ ಕರೀ ಉಣ್ಣೆಯ ಕೋಟನ್ನು ಹಿಡಿದು ಪಕ್ಕದ ನೇಕಾರರ ಊರು ಭಾಗ್ಯನಗರಕ್ಕೆ ಹೋಗಿ, ಬಣ್ಣ ಹಾಕುವವನಿಗೆ ಇನ್ನೊಮ್ಮೆ ಅದ್ದು ಎಂದರು. ಅವನು ಬೇಡ ಅಂದ. ಕುದಿಯುವ ಬಣ್ಣದಲ್ಲಿ ಇವರೇ ನಿಂತು ಅದ್ದಿಸಿದರು. ಮರುದಿನ ಅದನ್ನು ಹಾಕಿಕೊಂಡು ಗೆದ್ದ ಮುಖದಿಂದ ಸಾಲೆಗೆ ಬಂದರು. ನಿಜ ಹೇಳಬೇಕೆಂದರೆ ಅವರ ಮಾತೇ ಸರಿ, ಕೋಟು ಒಂದಿಷ್ಟೂ ಹೆಚ್ಚು ಕಪ್ಪಾಗಿರಲಿಲ್ಲ. ತೋಳು ಮಾತ್ರ ಮೊಳಕೈಗೆ ಬಂದು ನಿಂತಿತ್ತು, ಗುಂಡಿ ಹಾಕಲು ಇಬ್ಬರು ಜವಾನರು ಬೇಕಾಗಿದ್ದರು.

೩. ಇದ್ದಲಿ ಬಸ್ಸು

ಪ್ರಯೋಗಕ್ಕೆ ಇಂಗಾಲಾಮ್ಲ ಬೇಕು. ಗಂಗಾವತಿಯ ಸೋಡಾ ಅಂಗಡಿಯಲ್ಲಿ ಅದು ಕಬ್ಬಿಣದ ಸಿಲಿಂಡರಿನಲ್ಲಿ ಇರುತ್ತಿತ್ತು. ಸಾಲೆಯ ಫುಟ್‌ಬಾಲಿನ ಒಳಗಿನ ರಬ್ಬರ್ ಚೀಲ ತೆಗೆದುಕೊಂಡು ಹೋಗಿ, ಇದರಲ್ಲಿ ತುಂಬಿಕೊಡು ಅಂದೆ. ನೀರಿಲ್ಲದ ಸೋಡಾ ಕೇಳಿದ ಗಿರಾಕಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮನೆಯಲ್ಲಿ ಎಲ್ಲ ಆರಾಮ ಇದ್ದಾರೇನ್ರಿ ಎಂದು ಕೇಳಿ, ಕನಿಕರದಿಂದ ತುಂಬಿಕೊಟ್ಟ.

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಇದ್ದಲಿ ಉರಿಸಿ, ಅದರಿಂದ ಹುಟ್ಟಿದ ಅನಿಲದಲ್ಲಿ ಬಸ್ಸು ಓಡಿಸುತ್ತಿದ್ದರು. ಉರಿ ಇಳಿದರೆ ಕೈಯಿಂದ ತಿರುಗಿಸುವ ಒಂದು ಗಾಳಿಪಂಖ ಇರುತ್ತಿತ್ತು. ನಾನು ಉಬ್ಬಿದ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಮುದುಕರು ಏನಿದು ಎಂದು ಕೇಳಿದರು, ಭೂಮಿಯನ್ನೇ ಕಾಯಿಸುವ ಗಾಳಿ ಎಂದು ಹೆಮ್ಮೆಯಿಂದ ಹೇಳಿದೆ.

ಗಿಣಿಗೇರಿ ಹತ್ತಿರ ಉರಿ ಇಳಿಯಿತು, ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಪಂಖ ತಿರುಗಿಸಿದ. ಹಿಡಿಕೆ ಮುರಿದು ಅವನ ಕೈಗೇ ಬಂತು. ಊದಿದರು, ಟವೆಲು ಬೀಸಿದರು, ಆಗಲಿಲ್ಲ. ಆಗ ಎಲ್ಲರ ಕಣ್ಣೂ ನನ್ನ ತೊಡೆಯ ಮೇಲೆ ಬಿತ್ತು.

ಇದು ಊದುವ ಗಾಳಿಯಲ್ಲ, ಉರಿ ಆರಿಸುವ ಗಾಳಿ ಎಂದು ನಾನು ಅಂಗಲಾಚಿದೆ. ಯಾರೂ ನಂಬಲಿಲ್ಲ. ಗಾಳಿ ಬಡಿದರೆ ಬೆಂಕಿ ಏಳುವುದನ್ನು ಅವರೆಲ್ಲ ಹುಟ್ಟಿದಾಗಿನಿಂದ ನೋಡಿದವರು.

"ನಾವೆಲ್ಲಾ ಬಿಸಲಾಗ ಸಾಯಾಕತ್ತೀವಿ," ಎಂದು ಹಿಂದಿನ ಸೀಟಿನ ಹೆಂಗಸು ಅಂದಳು. "ಈ ಮಾಸ್ತರ ಗಾಳಿ ಬಗಲಾಗ ಹಿಡ್ಕೊಂಡು ಕುಂತಾನ ನೋಡ್ರಿ, ಮನಿಗೆ ಒಯ್ಯಾಕ."

ಡ್ರೈವರು ಚೀಲ ಕಸಿದುಕೊಂಡು, ಅದರ ಬಾಯಿಯನ್ನು ಒಲೆಗೆ ಹಿಡಿದು, ಎರಡೂ ಕೈಯಿಂದ ಒತ್ತಿದ. ಇದ್ದ ಕೆಂಡವೂ ಒಂದು ನಿಟ್ಟುಸಿರು ಬಿಟ್ಟು ಆರಿತು. ಬಸ್ಸಿನಲ್ಲಿ ಎಲ್ಲರೂ ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಕೊನೆಗೆ ಎಲ್ಲರೂ ಇಳಿದು ದಬ್ಬಿದೆವು. ಮುದುಕರು ನನ್ನ ಪಕ್ಕದಲ್ಲೇ ಏದುಸಿರು ಬಿಡುತ್ತ ದಬ್ಬುತ್ತಿದ್ದರು.

"ಮಾಸ್ತರ್ರ, ಭೂಮಿ ಕಾಸ್ತೈತಿ ಅಂದ್ರಿ," ಎಂದರು. "ಒಂದು ಒಲಿ ಕಾಸಾಕ ಆಗಲಿಲ್ಲ ಅದರ ಕೈಲೆ."

೪. ಸಾಹೇಬರ ಸನ್ಮಾನ

ತಪಾಸಣೆಯ ದಿನ ನನ್ನ ಹತ್ತಿರ ಎರಡು ಗಾಜಿನ ಭರಣಿ, ಎರಡು ಉಷ್ಣಮಾಪಕ ಮತ್ತು ಒಂದು ಖಾಲಿ ರಬ್ಬರ್ ಚೀಲ ಇದ್ದವು. ತೋರಿಸುವುದಕ್ಕೆ ಏನೂ ಇರಲಿಲ್ಲ. ಯಲಬುರ್ಗಿಯಿಂದ ಹುಡುಗಿಯ ತಂದೆಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾಯಂ ಆದ ಗಳಿಗೆಯಲ್ಲೇ ನನಗೆ ಹೊದಿಸಬೇಕೆಂದು ಅಂಚಿನ ಶಾಲೊಂದನ್ನು ಬಗಲಲ್ಲಿ ಇಟ್ಟುಕೊಂಡಿದ್ದರು. ಅವರ ಮುಖ ನೋಡಿ ನನಗೆ ಅಳು ಬರುವಂತಾಯಿತು.

ನಮ್ಮ ಕಡೆ ಅತಿಥಿಗೆ ಶಾಲು ಹೊದಿಸದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಹೊದಿಸಿದವರು ಎದುರಿಗೆ ಕೂತಿರುವ ತನಕ ಅದನ್ನು ತೆಗೆಯುವ ಹಾಗೂ ಇಲ್ಲ, ತೆಗೆದರೆ ಅವರ ಮರ್ಯಾದೆ ತೆಗೆದ ಹಾಗೆ. ಇನ್ಸ್‌ಪೆಕ್ಟರ್ ಸಾಹೇಬರು ದಪ್ಪ ಆಳು, ಮೊದಲೇ ಶೇರವಾನಿ ತೊಟ್ಟಿದ್ದರು. ಮೇಲೆ ತಗಡಿನ ಮಾಡು, ನೆತ್ತಿಯ ಮೇಲೆ ಸೂರ್ಯ.

ಮೊದಲು ಪೇಟೆಯ ವ್ಯಾಪಾರಿಗಳು ಒಂದು ಶಾಲು ಹೊದಿಸಿದರು. ಭಾಗ್ಯನಗರದ ನೇಕಾರರಲ್ಲಿ ಎರಡು ಓಣಿಯವರಿಗೆ ಮಾತಿರಲಿಲ್ಲ, ಹಾಗಾಗಿ ಅವರದು ಎರಡು ಶಾಲು. ಕುಷ್ಟಗಿ ಕಡೆಯಿಂದ ಬಂದ ಕುರಿಗಾರ ಹಿರಿಯರು ತಮ್ಮ ಕೈಯಲ್ಲೇ ನೇಯ್ದ ಕಂಬಳಿ ಹೊದಿಸಿದರು. ಇದನ್ನೆಲ್ಲ ನೋಡಿದ ನನ್ನ ಭಾವಿ ಮಾವನವರು ಹೊದಿಸದಿದ್ದರೆ ಅಳಿಯನ ನೌಕರಿ ಹೋದೀತೆಂದು ಹೆದರಿ, ಎದ್ದು ಹೋಗಿ ಬಗಲಿನ ಶಾಲನ್ನೂ ಮೇಲೆ ಹಾಕಿ ಬಂದರು. ಸಾಹೇಬರಲ್ಲಿ ಈಗ ಮೂಗು ಮತ್ತು ಕನ್ನಡಕ ಮಾತ್ರ ಕಾಣುತ್ತಿದ್ದವು. ಹೊದಿಸಿದವರೆಲ್ಲ ಎದುರಿಗೇ ಕೂತು ಪ್ರೀತಿಯಿಂದ ನೋಡುತ್ತಿದ್ದರು.

ಹೆಡ್‌ಮಾಸ್ತರರು ಗಿಡ್ಡ ಕೋಟಿನಲ್ಲಿ ಎದ್ದು, ಪ್ರಯೋಗ ತೋರಿಸಪ್ಪ ಎಂದರು.

ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ಭೂಮಿಗೆ ಮೊದಲಿಂದಲೂ ಗಾಳಿಯ ಹೊದಿಕೆ ಇದೆ, ಮೇಲೆ ಇನ್ನೊಂದು ಬಿದ್ದರೆ ಸೆಖೆ ಹೆಚ್ಚುತ್ತದೆ ಅನ್ನುವುದು ನನ್ನ ವಾದ. ಒಂದಾದರೂ ಅಷ್ಟೇ, ಐದಾದರೂ ಅಷ್ಟೇ ಅನ್ನುವುದು ಹೆಡ್‌ಮಾಸ್ತರರ ವಾದ ಎಂದೆ.

ಕಂಬಳಿಯೊಳಗಿನ ಕನ್ನಡಕ ಮೆಲ್ಲಗೆ ಹೆಡ್‌ಮಾಸ್ತರರ ಕಡೆ ತಿರುಗಿತು. ಹೌದೇನು ಎಂದು ಕೇಳಿತು.

"ಹೌದ್ರಿ ಸಾಹೇಬ್ರ," ಎಂದರು ಹೆಡ್‌ಮಾಸ್ತರರು. "ಮೊದಲಿಂದೊಂದ ಖರೇ. ಮ್ಯಾಲಿನವು ಲೆಕ್ಕಕ್ಕಿಲ್ಲ."

ಆಮೇಲೆ ಸಾಹೇಬರು ಉರ್ದುವಿನಲ್ಲಿ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. "ಮೊದಲನೆಯ ಶಾಲಿಗೆ ನನಗೆ ಗೌರವ ಅನ್ನಿಸಿತು. ಎರಡನೆಯದಕ್ಕೆ ಬೆವರು ಬಂತು. ಮೂರನೆಯದಕ್ಕೆ ಕಣ್ಣು ಕತ್ತಲೆ ಬಂತು. ಕಂಬಳಿ ಬಿದ್ದ ಮೇಲೆ ತೀರಿಹೋದ ನಮ್ಮ ತಾತ ಕಾಣಿಸಿದರು. ಐದನೆಯದಕ್ಕೆ ತಾತ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದರು. ಈ ಹುಡುಗನನ್ನು ಕಾಯಂ ಮಾಡಿ."

೫. ಯಲಬುರ್ಗಿಯ ಸಕ್ಕರೆ

ಶಾಲು ಬಿಚ್ಚಲು ಸಾಹೇಬರು ಒಳ್ಳೆಯ ದಾರಿ ಕಂಡುಕೊಂಡರು. ಎಲ್ಲವನ್ನೂ ತೆಗೆದು, ಜಾಣ ಮಾಸ್ತರನಿಗೆ ಇನಾಮು ಎಂದು ನನಗೇ ಹೊದಿಸಿದರು. ಯಾರ ಮರ್ಯಾದೆಗೂ ಧಕ್ಕೆಯಾಗಲಿಲ್ಲ, ಜನ ಚಪ್ಪಾಳೆ ಹೊಡೆದರು. ನಾನು ತೆಗೆಯಹೋದರೆ ಮಾವನವರು ಕೈ ಹಿಡಿದರು. ಅವರ ಕಣ್ಣಲ್ಲಿ ನೀರು.

"ತೆಗೀಬ್ಯಾಡ್ರಿ ಅಳಿಯಂದ್ರ. ಸಾಹೇಬ್ರ ಕೈಲೆ ಹೊದಿಸ್ಯಾರ. ಹಿಂಗ ಬರ್ರಿ, ನಮ್ಮೂರಾಗ ಎಲ್ಲಾರೂ ನೋಡ್ಲಿ. ಇವತ್ತ ಸಕ್ಕರಿ ಹಂಚಿಬಿಡೋಣು."

ಅಳಿಯಂದಿರು ಎಂದು ಅವರು ಕರೆದದ್ದು ಅದೇ ಮೊದಲು. ಆ ಒಂದು ಮಾತಿಗೆ ನಾನು ಬೆಂಕಿಯನ್ನು ಬೇಕಾದರೂ ಹೊದ್ದುಕೊಳ್ಳುತ್ತಿದ್ದೆ. ನಾಲ್ಕು ಶಾಲು, ಒಂದು ಕಂಬಳಿಯ ಸಮೇತ ಬಸ್ಸು ಹತ್ತಿದೆ.

ಯಲಬುರ್ಗಿಯ ಅವರ ಮನೆಯ ಪಡಸಾಲೆಯಲ್ಲಿ ನೆಂಟರೆಲ್ಲ ಕೂಡಿದ್ದರು. ಹೊಸಿಲು ದಾಟಿದವನು ಗೋಡೆಗೆ ಒರಗಿ ಕೂತುಬಿಟ್ಟೆ. ಮೈಯೆಲ್ಲ ನೀರು, ಕಣ್ಣು ಕೆಂಪು, ನಾಲಿಗೆ ಒಣಗಿ ಹೋಗಿತ್ತು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಈ ಸಲ ಪೂರಾ ಕಾಣುತ್ತಿದ್ದಳು, ಆದರೆ ಬೆವರು ಕಣ್ಣಿಗಿಳಿದು ನನಗೆ ಇಬ್ಬರು ಹುಡುಗಿಯರು ಕಾಣಿಸಿದರು.

ನೆಂಟರಲ್ಲಿ ಗುಜುಗುಜು ಶುರುವಾಯಿತು. ಹುಡುಗಿಯ ಸೋದರಮಾವ ಎದ್ದು ನಿಂತು, ಹುಡುಗ ರೋಗಿಷ್ಟ ಇದ್ದ ಹಾಗಿದೆ, ಇವನಿಗೆ ಹೆಣ್ಣು ಕೊಡುವುದು ಬೇಡ ಎಂದ. ಮಾವನವರ ಮುಖ ಬಿಳಿಚಿತು. ಬಾಗಿಲಲ್ಲಿದ್ದ ಹುಡುಗಿ ಸೆರಗು ಬಾಯಿಗೊತ್ತಿ ಅಜ್ಜಿಯನ್ನು ನೋಡಿದಳು.

ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯ ಮಾತು. ಆಕೆ ಕೋಲು ಊರುತ್ತ ಬಂದು ನನ್ನ ಕುತ್ತಿಗೆ ಮುಟ್ಟಿ ನೋಡಿ, ಕೈ ಹಿಂದೆಗೆದಳು. "ಯವ್ವಾ, ಹುಡುಗಗ ಜ್ವರ ಬಂದಾವ."

ಇದ್ದಬದ್ದ ಶಕ್ತಿ ಕೂಡಿಸಿ ನಾನು ಬಾಯಿ ಬಿಟ್ಟೆ. "ಜ್ವರ ಅಲ್ರಿ ಅಮ್ಮಾ. ಒಂದರ ಮ್ಯಾಲೆ ಒಂದು ಹೊದಿಕಿ ಬಿದ್ರ ಒಳಗಿನ ಶಾಖ ಹೊರಗ ಹೋಗಾಕ ಆಗಂಗಿಲ್ರಿ. ಭೂಮಿಗೂ ಹಿಂಗ ಆಗಾಕತ್ತೈತ್ರಿ. ವಿಲಾಯತಿಯೊಳಗ ಒಬ್ಬ ಎಂಜಿನಿಯರ್..."

ಅಜ್ಜಿ ಪಾಪ ಎಂದು ಲೊಚಗುಟ್ಟಿ ಎಲ್ಲರ ಕಡೆ ತಿರುಗಿದಳು.

"ಬಡಬಡಸಾಕತ್ಯಾನ, ಜ್ವರ ನೆತ್ತಿಗೇರ್ಯಾವ. ಒಳಗಿಂದ ಕೌದಿ ತಂದು ಇನ್ನೊಂದು ಹೊದಿಸ್ರಿ. ಸಕ್ಕರಿ ಈಗ ಹಂಚಿಬಿಡ್ರಿ, ಜ್ವರ ಇಳಿದ ಮ್ಯಾಲೆ ಹುಡುಗ ಒಲ್ಲೆ ಅಂದ್ರ ಏನ್ ಮಾಡ್ತೀರಿ?"