ಟಪಾಲು ಗುಮಾಸ್ತರಿಗೆ ಬಂದ ಪ್ರಶ್ನೆ

“ನಿಮ್ಮ ಕಂಪ್ಯೂಟರಲ್ಲಿ ಆಪರೇಟಿಂಗ್ ಸಿಸ್ಟಮ್ ಯಾವುದು ಸರ್?” ಎಂದು ಸಹಾಯವಾಣಿಯ ಹುಡುಗಿ ಫೋನಿನಲ್ಲಿ ಕೇಳಿದ್ದೇ ತಡ, ಟಪಾಲು ಗುಮಾಸ್ತರಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೇಳು ವರ್ಷ ಒಂದು ವಿಳಾಸವೂ ತಪ್ಪದಂತೆ ಕಚೇರಿಯ ಕಾಗದ ರವಾನಿಸಿದ ಮನುಷ್ಯನನ್ನು ಹೀಗೆ ಪರೀಕ್ಷೆಗೆ ಕೂರಿಸುವುದೇ?

ಅವರು ಬೇಡಿದ್ದು ಬರೀ ವರ್ಗಾವಣೆ. ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ನಾಲ್ಕು ವರ್ಷದಿಂದ ಅವಳು ಅಲ್ಲಿ, ಇವರು ಇಲ್ಲಿ. ಈ ಸಲ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು, ಅದೂ ಇವತ್ತು ಸಂಜೆ ಐದರೊಳಗೆ. ಸಹಿಗೆಂದು ಒಂದು ತಂತ್ರಾಂಶ ಇಳಿಸಿಕೊಳ್ಳಬೇಕು. ಅದು ಒಂದೊಂದು ಆಪರೇಟಿಂಗ್ ಸಿಸ್ಟಮ್ಮಿಗೆ ಒಂದೊಂದು ಬಗೆ.

ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ತಡಿಯಮ್ಮ, ನೋಡಿ ಹೇಳ್ತೀನಿ” ಎಂದರು.

ಪಕ್ಕದ ಮೇಜಿನ ಟೈಪಿಸ್ಟಮ್ಮ ಕಿವಿ ಇತ್ತಲೇ ಇಟ್ಟಿದ್ದರು. “ಅದೇನ್ ಮಹಾ? ಕ್ರೋಮ್ ಅಂತ ಹೇಳಿ. ಎಲ್ಲರದ್ದೂ ಅದೇ.”

ಗುಮಾಸ್ತರು ಗಂಭೀರವಾಗಿ ಹಾಗೇ ಹೇಳಿದರು.

“ಅದು ಬ್ರೌಸರ್ ಸರ್. ಬಾಡಿಗೆಗೆ ಇರೋರು ಇದ್ದಂಗೆ. ನಾನು ಕೇಳ್ತಿರೋದು ಯಜಮಾನರನ್ನ.”

“ಯಜಮಾನರು ಮೀಟಿಂಗಲ್ಲಿದ್ದಾರೆ. ಈ ವಿಷಯಕ್ಕೆ ಅವ್ರನ್ನ ಯಾಕೆ ಎಳೀತೀಯಮ್ಮ?” ಎಂದು ಫೋನ್ ಕುಕ್ಕಿದರು.

ಅಷ್ಟರಲ್ಲಿ ದಾಖಲೆ ಕೋಣೆಯವರು ಕರೆಯದೆಯೇ ಬಂದರು. “ಯಾವ ಯಂತ್ರಕ್ಕಾದ್ರೂ ಹೆಸರು ಬೆನ್ನ ಮೇಲೇ ಬರೆದಿರುತ್ತೆ ಕಣ್ರಿ” ಎನ್ನುತ್ತ ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನು ಹಠಮಾರಿ ಎಮ್ಮೆಯನ್ನು ಕೊಟ್ಟಿಗೆಯಿಂದ ಎಳೆದಂತೆ ಎಳೆದರು. ಬೆನ್ನ ಮೇಲೆ ಸಿಕ್ಕಿದ್ದು ವೋಲ್ಟೇಜಿನ ಲೆಕ್ಕ ಮತ್ತು ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂಬ ಎಚ್ಚರಿಕೆ. ಎಳೆದ ರಭಸಕ್ಕೆ ವೈರು ಕಿತ್ತು ಬಂತು. ಪರದೆ ಕಪ್ಪಾಯಿತು. ಎರಡು ಬೆರಳಲ್ಲಿ ಎರಡು ಗಂಟೆ ಕುಟ್ಟಿ ತುಂಬಿದ್ದ ಅರ್ಜಿ ನೀರುಪಾಲು.

“ಮೊದಲೇ ಸಡಿಲ ಇತ್ತು” ಎಂದು ದಾಖಲೆ ಕೋಣೆಯವರು ಕೈ ಒರೆಸಿಕೊಂಡು ಹೊರಟರು.

ಗುಮಾಸ್ತರು ವೈರು ಸಿಕ್ಕಿಸಿ, ಪರದೆ ಮತ್ತೆ ಬೆಳಗಿದ ಮೇಲೆ, ಮೂರೂವರೆಗೆ ಸಹಾಯವಾಣಿಗೆ ಇನ್ನೊಮ್ಮೆ ಫೋನ್ ಹಚ್ಚಿದರು. “ನೋಡಮ್ಮ, ನಂಗೆ ಗೊತ್ತಿಲ್ಲ. ಈ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆ ತಂದಿಟ್ಟು ಹೋದೋರು ಒಂದು ಮಾತು ಹೇಳ್ಕೊಡ್ಲಿಲ್ಲ. ಪಾಠ ಮಾಡದೆ ಪ್ರಶ್ನೆ ಕೇಳೋದು ಯಾವ ನ್ಯಾಯ?”

“ನ್ಯಾಯ ಅಲ್ಲ ಸರ್” ಎಂದಳು ಹುಡುಗಿ, ಮೆತ್ತಗೆ. “ಈಗ ಹೇಳ್ಕೊಡ್ತೀನಿ. ಕೀಬೋರ್ಡಿನ ಕೆಳಗಿನ ಸಾಲಲ್ಲಿ ಕಿಟಕಿ ಚಿತ್ರದ ಕೀ ಇದ್ಯಾ? ಅದನ್ನ ಒತ್ತಿ ಹಿಡ್ಕೊಂಡು ‘ಆರ್’ ಒತ್ತಿ. ಚಿಕ್ಕ ಚೌಕ ಬಂತಾ? ಅದರಲ್ಲಿ ‘ವಿನ್‌ವರ್’ ಅಂತ ಇಂಗ್ಲಿಷಲ್ಲಿ ಹೊಡೀರಿ. ಈಗ ಎಂಟರ್.”

ಪರದೆಯ ಮೇಲೆ ಹೆಸರು ಎದ್ದು ನಿಂತಿತು: ವಿಂಡೋಸ್ ಹತ್ತು.

“ಇಷ್ಟೇನಾ?” ಎಂದರು ಗುಮಾಸ್ತರು. ಇಷ್ಟೇ ಇಷ್ಟಕ್ಕೆ ದಿನವೆಲ್ಲ ಹಾಳಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಆದರೂ ತಂತ್ರಾಂಶ ಇಳಿಯಿತು, ಎರಡನೇ ಸಲಕ್ಕೆ ಬೆರಳೂ ಚುರುಕಾಗಿ ಅರ್ಜಿ ಬೇಗ ತುಂಬಿತು, ಸಹಿ ಬಿತ್ತು, ಐದಕ್ಕೆ ಹತ್ತು ನಿಮಿಷ ಇರುವಾಗ ಹೊರಟಿತು. ಹೆಂಡತಿಗೆ ಫೋನ್ ಮಾಡಿ, “ಮನೆ ಬೀಗದ ಇನ್ನೊಂದು ಕೀ ಮಾಡಿಸಿಡು” ಎಂದೂ ಹೇಳಿದರು.

ಆಗಲೇ ಸಾಹೇಬರು ತಮ್ಮ ಕೋಣೆಗೆ ಕರೆಸಿದರು.

“ನಿಮ್ಮ ಅರ್ಜಿ ನನ್ನ ಶಿಫಾರಸಿಗೆ ಬಂದಿದೆ ಕಣ್ರಿ. ತೆರೆಯೋಕೆ ಹೋದ್ರೆ ನಿಮ್ಮದು ಯಾವ ಸಿಸ್ಟಮ್ ಅಂತ ಕೇಳ್ತಿದೆ. ದರಿದ್ರದ್ದು.”

ಗುಮಾಸ್ತರು ಸಾಹೇಬರ ಕೀಬೋರ್ಡಿನಲ್ಲಿ ಎರಡು ಕೀ ಒತ್ತಿದರು, ಒಂದು ಪದ ಹೊಡೆದರು, ಮಿಕ್ಕಿದ್ದನ್ನೂ ಸರಿಮಾಡಿದರು. ಅರ್ಜಿ ತೆರೆಯಿತು. ಸಾಹೇಬರು ಬಾಯಿ ತೆರೆದು ಅವರನ್ನೇ ನೋಡಿದರು. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದರು. ಗುಮಾಸ್ತರು ಬೆನ್ನ ಹಿಂದೆ ನಿಂತು ಒಂದೊಂದೇ ಅಕ್ಷರ ಓದಿದರು:

‘ಈ ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವರು ಇವರೊಬ್ಬರೇ. ಯಾವ ಕಾರಣಕ್ಕೂ ವರ್ಗಾಯಿಸಬಾರದು.’

“ಬರೆದದ್ದಾಯ್ತು” ಎಂದರು ಸಾಹೇಬರು, ತೃಪ್ತಿಯಿಂದ. “ಇದನ್ನ ಕಳಿಸೋಕೆ ಎಲ್ಲಿ ಒತ್ತಬೇಕು, ತೋರಿಸ್ರಿ.”